ಬಡವರ ಕಾಯಿದೆಯೂ ಧಾತು–ಈಶ್ವರ ಸಂವತ್ಸರಗಳ ಕ್ಷಾಮವೂ

ದುಡಿಯಲು ಶಕ್ತನಾದವನಿಗೆ ದುಡಿಸದೆ ಅನ್ನವಿಕ್ಕುವುದು ಧರ್ಮವೋ, ಅವನನ್ನು ಆಲಸ್ಯಕ್ಕೆ ನೂಕುವ ಅಧರ್ಮವೋ ಎಂಬ ಪ್ರಶ್ನೆಯು ಇಂದು ನಿನ್ನೆಯದಲ್ಲ. ಕಾಯಕವನ್ನೂ ದಾಸೋಹವನ್ನೂ ಒಂದೇ ಉಸಿರಿನಲ್ಲಿ ಹೇಳಿಕೊಂಡು ಬಂದಿರುವ ಶ್ರೀಮಠದ ಸದ್ಭಕ್ತರಿಗೆ ಈ ಪ್ರಶ್ನೆಯ ತೊಡಕು ಅಷ್ಟಾಗಿ ತೋರಲಾರದು. ಯಾತಕ್ಕೆಂದರೆ ಹನ್ನೆರಡನೆಯ ಶತಮಾನದ ಶರಣರು ದುಡಿಯುವ ಕೈಯನ್ನೂ ನೀಡುವ ಕೈಯನ್ನೂ ಬೇರೆ ಬೇರೆ ಮಾಡಿದವರಲ್ಲ. ಆದರೆ ರಾಜ್ಯಾಧಿಕಾರವು ಇದೇ ಪ್ರಶ್ನೆಯನ್ನು ಕೈಗೆತ್ತಿಕೊಂಡು ಕಾಯಿದೆಯ ಮೂಲಕ ಉತ್ತರ ಹೇಳಹೊರಟಾಗ ಏನಾಯಿತೆಂಬುದು ಚರಿತ್ರೆಯಲ್ಲಿ ಒಂದು ಗಂಭೀರವಾದ ಅಧ್ಯಾಯವಾಗಿರುವುದು. ಅದು ಇಂಗ್ಲೆಂಡಿನಲ್ಲಿ ಮೊದಲಾಗಿ, ಎಂಬತ್ತು ವರ್ಷಗಳ ತರುವಾಯ ನಮ್ಮ ಮೈಸೂರು, ಧಾರವಾಡ, ಕಲಾದಗಿ ಸೀಮೆಗಳ ಒಣಗಿದ ಹೊಲಗಳಿಗೆ ಬಂದು ಮುಟ್ಟಿತು. ಆ ದಾರಿಯನ್ನು ಇಲ್ಲಿ ಸ್ವಲ್ಪದರಲ್ಲಿ ನಿರೂಪಿಸುವೆನು.

ಇಂಗ್ಲೆಂಡಿನಲ್ಲಿ ೧೬೦೧ರಲ್ಲಿ ಎಲಿಜಬೆತ್ ರಾಣಿಯ ಕಾಲದಲ್ಲಿ ಆದ ಶಾಸನದಂತೆ, ಪ್ಯಾರಿಷ್ ಎಂಬ ಒಂದೊಂದು ಗ್ರಾಮಘಟಕವೂ ತನ್ನಲ್ಲಿಯ ಅನಾಥರನ್ನೂ ವೃದ್ಧರನ್ನೂ ತಾನೇ ತೆರಿಗೆಯೆತ್ತಿ ಸಾಕಬೇಕಾಗಿತ್ತು. ಇದು ಬಹುಕಾಲ ಹೇಗೋ ನಡೆದು ಬಂದಿತು. ೧೭೯೫ರಲ್ಲಿ ಫ್ರಾನ್ಸಿನೊಡನೆ ಯುದ್ಧವೂ ಕೆಟ್ಟ ಬೆಳೆಯೂ ಕೂಡಿ ಬರಲಾಗಿ ರೊಟ್ಟಿಯ ಬೆಲೆಯು ಕೂಲಿಯವನ ಕೈಗೆ ಎಟುಕದಂತಾಯಿತು. ಆ ವರ್ಷದ ಮೇ ತಿಂಗಳಲ್ಲಿ ಬರ್ಕ್‌ಷೈರ್ ಪ್ರಾಂತದ ನ್ಯಾಯಾಧಿಕಾರಿಗಳು ಸ್ಪೀನ್‌ಹ್ಯಾಮ್‌ಲ್ಯಾಂಡ್ ಎಂಬಲ್ಲಿಯ ಒಂದು ವಸತಿಗೃಹದಲ್ಲಿ ಸಭೆ ಸೇರಿ ಒಂದು ಲೆಕ್ಕವನ್ನು ಗೊತ್ತುಮಾಡಿದರು. ಅದೆಂತೆಂದರೆ, ೮ ಪೌಂಡು ೧೧ ಔನ್ಸು ತೂಕದ ರೊಟ್ಟಿಗೆ ಒಂದು ಷಿಲ್ಲಿಂಗು ಬೆಲೆಯಿರುವಾಗ, ದುಡಿಯುವ ಬಡವನಿಗೆ ವಾರಕ್ಕೆ ೩ ಷಿಲ್ಲಿಂಗೂ, ಅವನ ಹೆಂಡತಿಗೂ ಉಳಿದ ಪ್ರತಿಯೊಬ್ಬ ಕುಟುಂಬದವನಿಗೂ ತಲಾ ಒಂದೂವರೆ ಷಿಲ್ಲಿಂಗೂ ಇರಲೇಬೇಕು. ಕೂಲಿಯು ಸಾಲದೆ ಹೋದರೆ ಉಳಿದುದನ್ನು ಪ್ಯಾರಿಷಿನ ತೆರಿಗೆಯಿಂದ ತುಂಬಿಕೊಡತಕ್ಕದ್ದು. ರೊಟ್ಟಿಯ ಬೆಲೆಯು ಒಂದೊಂದು ಪೆನ್ನಿ ಏರಿದಂತೆಲ್ಲ ಗಂಡಸಿಗೆ ೩ ಪೆನ್ನಿ, ಉಳಿದವರಿಗೆ ಒಂದೊಂದು ಪೆನ್ನಿ ಹೆಚ್ಚು. ಇದು ಪಾರ್ಲಿಮೆಂಟಿನ ಶಾಸನವಾಗಿರಲಿಲ್ಲ. ಆದಾಗ್ಯೂ ದಕ್ಷಿಣದ ಅನೇಕ ಪ್ರಾಂತಗಳಲ್ಲಿ ಇದೇ ಮಾದರಿಯ ಪದ್ಧತಿಗಳು ರೂಢಿಗೆ ಬಂದವು.

ಇದೇ ವರ್ಷದ ಕೊನೆಯಲ್ಲಿ ಎಡ್ಮಂಡ್ ಬರ್ಕ್ ಮಹಾಶಯನು ಪ್ರಧಾನಿ ಪಿಟ್ಟನಿಗೆ ಕ್ಷಾಮದ ವಿಷಯವಾಗಿ ಒಂದು ಪತ್ರವನ್ನು ಬರೆದನು. ಅದು ಅವನು ತೀರಿಕೊಂಡ ಮೇಲೆ ೧೮೦೦ರಲ್ಲಿ ಅಚ್ಚಾಯಿತು. ಬರ್ಕನು ಪಕ್ಷದಿಂದ ವಿಗ್ ಆಗಿದ್ದರೂ, ಪರಂಪರೆಯನ್ನು ಕಾಪಾಡಬೇಕೆನ್ನುವ ರಾಜಕೀಯ ಚಿಂತನೆಗೆ ಮೂಲಪುರುಷನೆಂದು ಇಂದಿಗೂ ಎಣಿಸಲ್ಪಡುತ್ತಾನೆ. ಅವನ ಅಭಿಪ್ರಾಯದಲ್ಲಿ ಕೂಲಿಯೂ ಮಾರಾಟದ ಒಂದು ಸರಕು. ಅದರ ಬೆಲೆಯನ್ನು ಪೇಟೆಯೇ ಗೊತ್ತುಮಾಡಬೇಕಲ್ಲದೆ ಸರಕಾರವಲ್ಲ. ಜನರ ಹೊಟ್ಟೆ ತುಂಬಿಸುವುದು ಸರಕಾರದ ಶಕ್ತಿಗೆ ಮೀರಿದ ಕೆಲಸ. ಹಾಗೆ ಮಾಡಹೊರಟ ಸರಕಾರವು ಬೆಳೆಯುವವನನ್ನೂ ಮಾರುವವನನ್ನೂ ಹೆದರಿಸಿ ಇದ್ದ ಧಾನ್ಯವನ್ನೂ ಮರೆಮಾಡಿಸುವುದು. ಹಾಗಾದರೆ ಪೇಟೆಯ ನಿಯಮದಂತೆ ಏನೂ ದೊರಕದವನ ಗತಿಯೇನು? ಅಲ್ಲಿಗೆ ವ್ಯಾಪಾರದ ಅಧಿಕಾರವು ಮುಗಿದು ದಯೆಯ ಅಧಿಕಾರವು ಆರಂಭವಾಗುವುದೆಂದೂ, ದಾನವು ಪ್ರತಿಯೊಬ್ಬ ಕ್ರೈಸ್ತನ ಮೇಲಣ ಕಡ್ಡಾಯವಾದ ಕರ್ತವ್ಯವೆಂದೂ ಬರ್ಕನು ಉತ್ತರ ಕೊಡುತ್ತಾನೆ. ಬರ್ಕನ ಮೊದಲ ಮಾತನ್ನು ಹಿಡಿದವರು ಬಹಳ ಮಂದಿ, ಎರಡನೆಯ ಮಾತನ್ನು ನೆನೆದವರು ಸ್ವಲ್ಪ ಮಂದಿ. ಮುಂದಿನ ಕಥೆಯೆಲ್ಲವೂ ಈ ಮರೆವಿನ ಕಥೆಯೇ ಎಂದು ನನಗೆ ತೋರುವುದು.

೧೭೯೮ರಲ್ಲಿ ಮಾಲ್ಥಸ್ ಪಾದ್ರಿಯು ಜನಸಂಖ್ಯೆಯ ಮೇಲಣ ತನ್ನ ಪ್ರಬಂಧವನ್ನು ಪ್ರಕಟಿಸಿ, ಬಡವರ ಕಾಯಿದೆಯು ಬಡವರನ್ನೇ ಹೆಚ್ಚಿಸುತ್ತದೆಂದು ವಾದಿಸಿದನು. ಇತ್ತ ಖರ್ಚೂ ಏರುತ್ತ ನಡೆದು, ೧೮೧೮ರ ಸುಮಾರಿಗೆ ವರ್ಷಕ್ಕೆ ೮೦ ಲಕ್ಷ ಪೌಂಡುಗಳ ಸಮೀಪಕ್ಕೆ ಬಂದಿತು. ತೆರಿಗೆ ತೆರುವವರೆಲ್ಲರೂ ಶ್ರೀಮಂತರಾಗಿರಲಿಲ್ಲವೆಂಬುದನ್ನು ನಾವು ಮರೆಯಲಾಗದು. ಎರಡು ಎಕರೆ ಹೊಲದಲ್ಲಿ ಬೆವರು ಸುರಿಸಿ, ಯಾರಿಂದಲೂ ಕಾಸು ಬೇಡದೆ ಬದುಕುತ್ತಿದ್ದ ಚಿಕ್ಕ ಬೇಸಾಯಗಾರನು ತನ್ನ ನೆರೆಯ ದೊಡ್ಡ ಜಮೀನ್ದಾರನ ಕೂಲಿಯಾಳುಗಳ ಕೂಲಿಯ ಕೊರತೆಯನ್ನು ತನ್ನ ತೆರಿಗೆಯಿಂದ ತುಂಬಿಕೊಡಬೇಕಾಗಿತ್ತು. ದೊಡ್ಡ ಯಜಮಾನನಾದರೋ, ಹೇಗೂ ಪ್ಯಾರಿಷಿನವರು ಕೊಡುತ್ತಾರೆಂದು ಕೂಲಿಯನ್ನು ಇಳಿಸಲು ಹಿಂದೆಗೆಯಲಿಲ್ಲ. ಹೀಗಿರಲು, ಸ್ವಾವಲಂಬಿಯು ಶಿಕ್ಷೆಗೊಳಗಾಗಿ ಪರಾವಲಂಬಿಯು ಬಹುಮಾನ ಪಡೆಯುತ್ತಾನೆಂಬ ಸಂಪ್ರದಾಯವಾದಿಗಳ ದೂರಿನಲ್ಲಿ ಹುರುಳಿರಲಿಲ್ಲವೆಂದು ಹೇಳಲು ನನಗೆ ಧೈರ್ಯವಿಲ್ಲ.

೧೮೩೨ರಲ್ಲಿ ಒಂದು ರಾಜಾಯೋಗವು ನೇಮಕವಾಯಿತು. ಅದರ ವರದಿಯನ್ನು ಮುಖ್ಯವಾಗಿ ನ್ಯಾಸೋ ಸೀನಿಯರ್, ಎಡ್ವಿನ್ ಚಾಡ್‌ವಿಕ್ ಎಂಬಿಬ್ಬರು ಸಿದ್ಧಪಡಿಸಿದರು. ಅದನ್ನನುಸರಿಸಿ ೧೮೩೪ರ ಆಗಸ್ಟಿನಲ್ಲಿ ಹೊಸ ಕಾಯಿದೆಯು ಹೊರಟಿತು. ಕಾಯಿದೆಯನ್ನು ತಂದವರು ವಿಗ್ಗರು; ಟೋರಿ ಮುಖಂಡರಾದ ವೆಲಿಂಗ್ಟನ್, ಪೀಲ್ ಇವರೂ ಬೆಂಬಲಿಸಿದರು. ಇದರ ಸೂತ್ರವು ಎರಡೇ ಮಾತಿನದು. ನೆರವು ಪಡೆಯುವವನ ಸ್ಥಿತಿಯು, ಸ್ವಂತ ದುಡಿಮೆಯಿಂದ ಬದುಕುವ ಕಡುಬಡ ಕೂಲಿಯವನ ಸ್ಥಿತಿಗಿಂತಲೂ ಕೀಳಾಗಿರತಕ್ಕದ್ದು. ಮತ್ತು ದುಡಿಯಬಲ್ಲವನಿಗೆ ನೆರವು ಬೇಕಾದರೆ ಅವನು ವರ್ಕ್‌ಹೌಸ್ ಎಂಬ ದುಡಿಮೆಯ ಗೃಹಕ್ಕೆ ಬಂದು ಸೇರತಕ್ಕದ್ದು. ಆ ಗೃಹದಲ್ಲಿ ಗಂಡನು ಒಂದೆಡೆ, ಹೆಂಡತಿ ಒಂದೆಡೆ, ಮಕ್ಕಳು ಇನ್ನೊಂದೆಡೆ. ಒಳಗೆ ಬರಲು ಒಪ್ಪಿದವನು ನಿಜವಾಗಿ ನಿರ್ಗತಿಕನು. ಒಪ್ಪದವನಿಗೆ ಬೇರೆ ದಾರಿಯುಂಟೆಂದು ಅರ್ಥ. ಹೀಗೆ ಕಷ್ಟವೇ ಬಡತನದ ಒರೆಗಲ್ಲಾಯಿತು. ೧೮೩೪ರಲ್ಲಿ ೬೩ ಲಕ್ಷ ಪೌಂಡುಗಳಷ್ಟಿದ್ದ ಖರ್ಚು ೧೮೩೭ಕ್ಕೆ ಸುಮಾರು ೪೦ ಲಕ್ಷಕ್ಕೆ ಇಳಿಯಿತು. ಕಾಯಿದೆಯ ಪಕ್ಷದವರು ಇದನ್ನೇ ಅದರ ಯಶಸ್ಸೆಂದು ಎಣಿಸಿದರು.

ಆ ವರದಿಯ ಸಾಕ್ಷ್ಯವೆಷ್ಟು ಗಟ್ಟಿಯಾದುದು? ೧೯೬೩ರಲ್ಲಿ ಅರ್ಥಶಾಸ್ತ್ರದ ಇತಿಹಾಸಕಾರನಾದ ಮಾರ್ಕ್ ಬ್ಲಾಗ್ ಎಂಬವನು ಹಳೆಯ ಅಂಕಿಗಳನ್ನೆಲ್ಲ ಮರಳಿ ಸೋಸಿ ನೋಡಿ, ಸಹಾಯಧನವು ಕೂಲಿಯನ್ನು ಇಳಿಸಿತೆಂಬುದಕ್ಕಿಂತ, ಕೂಲಿಯು ಇಳಿದು ವರ್ಷದ ಹಲವು ತಿಂಗಳು ಕೆಲಸವೇ ಇಲ್ಲದೆ ಹೋದುದರಿಂದಲೇ ಸಹಾಯಧನವು ಬೇಕಾಯಿತೆಂದು ವಾದಿಸಿದನು. ಈ ಚರ್ಚೆಯು ವಿದ್ವಾಂಸರಲ್ಲಿ ತರುವಾಯವೂ ಮುಂದುವರಿಯಿತು. ಆದರೆ ಕಾರ್ಯವನ್ನು ಕಾರಣವೆಂದು ತಿಳಿದು ಶಾಸನ ಮಾಡುವ ಅಪಾಯವು ಎಷ್ಟು ದೊಡ್ಡದೆಂಬುದಕ್ಕೆ ಇದೊಂದು ನಿದರ್ಶನವು.

ಇರಲಿ. ಸಂಪ್ರದಾಯಪಕ್ಷದಲ್ಲಿಯೇ ಇನ್ನೊಂದು ಧ್ವನಿಯೂ ಇದ್ದಿತು. ಯಾರ್ಕ್‌ಷೈರಿನಲ್ಲಿ ಒಂದು ಜಮೀನಿನ ಪಾರುಪತ್ಯಗಾರನಾಗಿದ್ದ ರಿಚರ್ಡ್ ಓಸ್ಲರ್ ಎಂಬವನು ಕಟ್ಟಾ ಟೋರಿ. ಬಲಿಪೀಠ, ಸಿಂಹಾಸನ, ಗುಡಿಸಲು ಈ ಮೂರೂ ಒಟ್ಟಿಗೆ ನಿಲ್ಲಬೇಕೆಂಬುದು ಅವನ ಧ್ಯೇಯ. ೧೮೩೦ರಲ್ಲಿ ಗಿರಣಿಗಳಲ್ಲಿ ದುಡಿಯುವ ಎಳೆಯ ಮಕ್ಕಳ ಪಾಡನ್ನು ಪತ್ರಿಕೆಯಲ್ಲಿ ಬರೆದು ದೇಶವನ್ನೇ ಎಚ್ಚರಗೊಳಿಸಿದ ಈತನು, ಹೊಸ ಬಡವರ ಕಾಯಿದೆಯನ್ನೂ ಅಷ್ಟೇ ಕಟುವಾಗಿ ವಿರೋಧಿಸಿದನು. ಉಳ್ಳವನಿಗೆ ಆಸ್ತಿಯ ಹಕ್ಕು ಎಷ್ಟು ಪ್ರಾಚೀನವೋ ಇಲ್ಲದವನಿಗೆ ಊರಿನಿಂದ ಪೋಷಣೆಯ ಹಕ್ಕೂ ಅಷ್ಟೇ ಪ್ರಾಚೀನವೆಂದೂ, ಒಂದನ್ನು ಕಿತ್ತವರು ಇನ್ನೊಂದನ್ನು ಉಳಿಸಿಕೊಳ್ಳಲಾರರೆಂದೂ ಈ ಪಂಥದವರ ನಿಲುವು. ಯುವಕನಾಗಿದ್ದ ಬೆಂಜಮಿನ್ ಡಿಸ್ರೇಲಿಯೂ ಪಾರ್ಲಿಮೆಂಟಿನಲ್ಲಿ ಈ ಕಾಯಿದೆಯ ವಿರೋಧಿಯಾಗಿದ್ದನು. ಅವನ ‘ಸಿಬಿಲ್’ ಎಂಬ ಕಾದಂಬರಿಯು ೧೮೪೫ರಲ್ಲಿ ಹೊರಟು, ಧನಿಕರೂ ದರಿದ್ರರೂ ಒಂದೇ ದೇಶದೊಳಗಿನ ಎರಡು ಬೇರೆ ಜನಾಂಗಗಳಂತೆ ಆಗಿಹೋಗಿರುವುದನ್ನು ತೋರಿಸಿತು. ಅದೇ ವರ್ಷ ಆಂಡೋವರ್ ಊರಿನ ದುಡಿಮೆಯ ಗೃಹದಲ್ಲಿ ಗೊಬ್ಬರಕ್ಕಾಗಿ ಎಲುಬು ಕುಟ್ಟುವ ಕೆಲಸಕ್ಕೆ ಹಚ್ಚಿದ ಬಡವರು ಹಸಿವು ತಾಳಲಾರದೆ ಆ ಎಲುಬುಗಳನ್ನೇ ಕಡಿದು ಅದರೊಳಗಣ ಮಜ್ಜೆಯನ್ನು ತಿನ್ನುತ್ತಿದ್ದರೆಂಬುದು ಬಯಲಿಗೆ ಬಂದಿತು. ಪಾರ್ಲಿಮೆಂಟು ವಿಚಾರಣೆ ನಡೆಯಿಸಿತು. ೧೮೪೭ರಲ್ಲಿ ಕಾಯಿದೆಯ ಆಯುಕ್ತ ಮಂಡಲಿಯೇ ರದ್ದಾಯಿತು. ಸೂತ್ರವು ಮಾತ್ರ ಉಳಿಯಿತು.

ಇನ್ನು ನಮ್ಮ ದೇಶದ ಮಾತು. ೧೮೭೪ರಲ್ಲಿ ಅದೇ ಡಿಸ್ರೇಲಿಯು ಬ್ರಿಟಿಷ್ ಪ್ರಧಾನಿಯಾದನು. ೧೮೭೬ರಲ್ಲಿ ಲಿಟ್ಟನ್ ಪ್ರಭುವು ಅವನ ಸರಕಾರದಿಂದ ನಿಯಮಿತನಾಗಿ ವೈಸರಾಯನಾಗಿ ಬಂದನು. ಆ ವರ್ಷ ದಕ್ಷಿಣಾಪಥದಲ್ಲಿ ಮಳೆ ಹೋಯಿತು. ಮರುವರ್ಷದ ಮುಂಗಾರೂ ಕೈಕೊಟ್ಟಿತು. ಧಾತು, ಈಶ್ವರ ಎಂಬ ಆ ಎರಡು ಸಂವತ್ಸರಗಳ ಹೆಸರುಗಳು ನಮ್ಮ ಹಿರಿಯರ ಬಾಯಲ್ಲಿ ಬಹುಕಾಲ ಬರಗಾಲಕ್ಕೆ ಪರ್ಯಾಯಪದಗಳಾಗಿಯೇ ಉಳಿದುವು.

ಕ್ಷಾಮದ ಖರ್ಚನ್ನು ಪರಿಶೀಲಿಸುವುದಕ್ಕೆ ೧೮೭೭ರ ಜನವರಿಯಲ್ಲಿ ಲಿಟ್ಟನನು ಸರ್ ರಿಚರ್ಡ್ ಟೆಂಪಲನನ್ನು ದಕ್ಷಿಣಕ್ಕೆ ಕಳುಹಿದನು. ಈತನೇ ೧೮೭೩–೭೪ರ ಬಿಹಾರ ಕ್ಷಾಮದಲ್ಲಿ ಬರ್ಮಾದಿಂದ ಹೇರಳವಾಗಿ ಅಕ್ಕಿ ತರಿಸಿ ಹಂಚಿ, ಹಸಿವಿನ ಸಾವುಗಳನ್ನು ಬಹುಮಟ್ಟಿಗೆ ತಡೆದವನು. ಅದಕ್ಕೆ ಅವನಿಗೆ ಬಂದ ಪ್ರತಿಫಲವು ದುಂದುಗಾರನೆಂಬ ನಿಂದೆ. ಆ ನಿಂದೆಯನ್ನು ತೊಳೆದುಕೊಳ್ಳಲೋ ಎಂಬಂತೆ ಈ ಸಲ ಬಿಗಿಹಿಡಿತದವನಾಗಿ ಬಂದನು. ಕ್ಷಾಮಕಾಮಗಾರಿಯಲ್ಲಿ ಮಣ್ಣು ಹೊತ್ತು ಕಲ್ಲು ಒಡೆಯುವ ಆಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೆ ಚಿಲ್ಲರೆ ಕಾಸು ಸಾಕೆಂದು ಗೊತ್ತುಮಾಡಿದನು. ಕೆಲಸದ ಶಿಬಿರವು ಮನೆಯಿಂದ ಹತ್ತು ಮೈಲಿಗಿಂತ ದೂರವಿರಬೇಕೆಂಬ ನಿಯಮವೂ ಬಂದಿತು. ನಿಜವಾಗಿ ಹಸಿದವನಾದರೆ ನಡೆದು ಬಂದಾನೆಂಬುದು ತರ್ಕ. ಇಂಗ್ಲೆಂಡಿನಲ್ಲಿ ದುಡಿಮೆಯ ಗೃಹದ ಗೋಡೆಯು ಮಾಡಿದ ಕೆಲಸವನ್ನು ನಮ್ಮಲ್ಲಿ ಹತ್ತು ಮೈಲಿಯ ಬಿಸಿಲುದಾರಿಯು ಮಾಡಿತು.

ಮದರಾಸಿನ ಆರೋಗ್ಯಾಧಿಕಾರಿಯಾಗಿದ್ದ ಕಾರ್ನಿಷ್ ಎಂಬವನು, ಒಂದು ಪೌಂಡು ಧಾನ್ಯದಲ್ಲಿ ದುಡಿಯುವ ದೇಹವು ಉಳಿಯಲಾರದೆಂದು ಲಿಖಿತವಾಗಿ ಪ್ರತಿಭಟಿಸಿದನು. ಮುಂಬಯಿ ಪ್ರಾಂತದ ಕಾಮಗಾರಿಗಳಲ್ಲಿ ಕೂಲಿಯವರು ಗುಂಪುಗುಂಪಾಗಿ ಕೆಲಸ ಬಿಟ್ಟು ಹೊರಟರು. ಪುಣೆಯ ಸಾರ್ವಜನಿಕ ಸಭೆಯು ಅವರ ಪರವಾಗಿ ಅರ್ಜಿಗಳನ್ನು ಬರೆಯಿತು. ಅಧಿಕಾರಿಗಳಲ್ಲಿ ಕೆಲವರು ಇದನ್ನೂ ಸೋಮಾರಿತನದ ಲಕ್ಷಣವೆಂದೇ ಓದಿದರು. ಹಸಿವಿನಿಂದ ಕೈ ಸೋತವನನ್ನೂ ಮೈಗಳ್ಳನನ್ನೂ ದೂರದಿಂದ ನೋಡುವವನ ಕಣ್ಣಿಗೆ ಭೇದವು ಕಾಣಿಸದು. ಮದರಾಸು ಸರಕಾರವು ಕೂಲಿಯನ್ನು ಸ್ವಲ್ಪ ಏರಿಸಿತು. ಧಾನ್ಯದ ವ್ಯಾಪಾರದಲ್ಲಿ ಮಾತ್ರ ಸರಕಾರವು ಕೈಹಾಕಕೂಡದೆಂಬ ಲಿಟ್ಟನನ ಆಜ್ಞೆಯು ಅಚಲವಾಗಿ ನಿಂತಿತು. ಧಾನ್ಯವು ಎಲ್ಲಿಯೂ ಇರಲಿಲ್ಲವೆಂದಲ್ಲ. ರೈಲಿನಲ್ಲಿ ಬಂದು ರಾಶಿ ಬಿದ್ದಿದ್ದ ಊರುಗಳಿದ್ದವು, ಹಡಗಿನಲ್ಲಿ ಹೊರದೇಶಕ್ಕೆ ಹೋಗುತ್ತಲೂ ಇದ್ದಿತು. ಕೊಳ್ಳಲು ಕಾಸಿದ್ದವನು ಕೊಂಡನು. ನೇಕಾರನ ಮಗ್ಗ ನಿಂತು, ಹೊಲದಾಳಿನ ಕೂಲಿ ನಿಂತು, ಅವರ ಕೈಯಲ್ಲಿ ಕಾಸೇ ಇರಲಿಲ್ಲ.

ಮೈಸೂರು ಸೀಮೆಯು ಆಗ ೧೮೩೧ರಿಂದಲೂ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿದ್ದಿತು. ೧೮೭೭ರಲ್ಲಿ ಚಾರ್ಲ್ಸ್ ಎಲಿಯಟ್ ಎಂಬವನು ಇಲ್ಲಿಗೆ ಕ್ಷಾಮದ ಕಮಿಷನರನಾಗಿ ಬಂದನು. ಸೀಮೆಯ ಜನಗಣತಿಯು ೧೮೭೧ರಲ್ಲಿ ೫೦,೫೫,೪೧೨; ೧೮೮೧ರಲ್ಲಿ ೪೧,೮೬,೧೮೮. ಆರರಲ್ಲಿ ಒಂದು ಪಾಲಿಗಿಂತಲೂ ಹೆಚ್ಚು ಜನ ಕಡಿಮೆಯಾದರು. ಈ ಅಂಕಿಗಳನ್ನು ನಾನು ಹಲವು ಸಲ ಓದಿದ್ದೇನೆ. ಓದಿದಾಗಲೆಲ್ಲ, ೧೮೩೪ರ ತರುವಾಯ ಉಳಿತಾಯವಾದ ಪೌಂಡುಗಳ ಲೆಕ್ಕವೂ ಜೊತೆಗೇ ನೆನಪಿಗೆ ಬರುತ್ತದೆ.

೧೮೮೦ರ ಕ್ಷಾಮ ಆಯೋಗವು ಸರ್ ರಿಚರ್ಡ್ ಸ್ಟ್ರೇಚಿಯ ಅಧ್ಯಕ್ಷತೆಯಲ್ಲಿ ವರದಿಯನ್ನೊಪ್ಪಿಸಿ, ಮಳೆ ಹೋದಾಗ ಮೊದಲು ಹೋಗುವುದು ಕೂಲಿಯವನ ಕೆಲಸವೆಂಬುದನ್ನು ಒಪ್ಪಿಕೊಂಡಿತು. ಬಲವಿದ್ದವರಿಗೆ ಕೆಲಸ, ಬಲವಿಲ್ಲದವರಿಗೆ ಧರ್ಮಾರ್ಥ ಅನ್ನ ಎಂಬ ವಿಭಾಗವು ಕ್ಷಾಮಸಂಹಿತೆಗಳಲ್ಲಿ ಸೇರಿತು. ಸರಕಾರವೇ ಧಾನ್ಯವನ್ನು ಕೂಡಿಡಬೇಕೆಂದು ಭಿನ್ನಮತ ಬರೆದ ಇಬ್ಬರು ಸದಸ್ಯರಲ್ಲಿ ಒಬ್ಬನಾದ ಜೇಮ್ಸ್ ಕೇರ್ಡನು ಸ್ವತಃ ಬೇಸಾಯವನ್ನು ಬಲ್ಲವನು. ಅವರ ಮಾತು ನಡೆಯಲಿಲ್ಲ. ಇಂಗ್ಲೆಂಡಿನಲ್ಲಿ ಬಡವರ ಕಾಯಿದೆಯು ೧೯೪೮ರಲ್ಲಿ ಪೂರ್ತಿಯಾಗಿ ರದ್ದಾಯಿತು. ಸ್ವತಂತ್ರ ಭಾರತದ ಪಾರ್ಲಿಮೆಂಟು ೨೦೦೫ರಲ್ಲಿ ಗ್ರಾಮೀಣ ಉದ್ಯೋಗಕ್ಕಾಗಿ ಮಾಡಿದ ಕಾಯಿದೆಯಲ್ಲಿ, ಆದಷ್ಟು ಮಟ್ಟಿಗೆ ಕೆಲಸವು ಊರಿನಿಂದ ೫ ಕಿಲೋಮೀಟರಿನೊಳಗೇ ದೊರೆಯಬೇಕೆಂದು ಬರೆದಿತ್ತು. ಟೆಂಪಲನ ಹತ್ತು ಮೈಲಿಯನ್ನು ಬಲ್ಲವರು ಆ ಒಂದು ಸಾಲನ್ನು ಎರಡು ಸಲ ಓದಿಕೊಂಡಿರಬಹುದು.

೧೮೮೧ರಲ್ಲಿ ಮೈಸೂರು ಸೀಮೆಯು ಒಡೆಯರ ಮನೆತನಕ್ಕೆ ಮರಳಿ ಬಂದಿತು. ದಿವಾನ್ ರಂಗಾಚಾರ್ಲು ಅವರು ಅಧಿಕಾರ ವಹಿಸಿಕೊಂಡಾಗ ಸಂಸ್ಥಾನದ ತಲೆಯ ಮೇಲೆ ಕ್ಷಾಮದ ನಿಮಿತ್ತವಾಗಿ ಬ್ರಿಟಿಷ್ ಸರಕಾರಕ್ಕೆ ಸಲ್ಲಬೇಕಾದ ೮೦ ಲಕ್ಷ ರೂಪಾಯಿಗಳ ಸಾಲವಿದ್ದಿತು. ಕ್ಷಾಮಕಾಮಗಾರಿಯ ಕೂಲಿಗಳು ಮಣ್ಣು ಹೊತ್ತು ಏರಿ ಹಾಕಿದ ಬೆಂಗಳೂರು–ಮೈಸೂರು ರೈಲುದಾರಿಯು ಮರುವರ್ಷ, ೧೮೮೨ರಲ್ಲಿ, ಮೈಸೂರನ್ನು ಮುಟ್ಟಿತು.