ಆಜ್ಞೆ ಕೊಟ್ಟವರು ತೆರೆಯ ಮೇಲೆ ಎಲ್ಲಿದ್ದಾರೆ?

ಮಂಡಿಕಲ್, ಚಿಕ್ಕಬಳ್ಳಾಪುರದ ಕಡೆಯವರಿಗೆ ನಂದಿ ಎಂದರೆ ಭೋಗನಂದೀಶ್ವರ, ಟಿಪ್ಪು ಡ್ರಾಪ್, ಬೆಳಗಿನ ಮಂಜು. 1791ರ ಅಕ್ಟೋಬರಿನಲ್ಲಿ ಇದೇ ಬೆಟ್ಟದ ಇಳಿಜಾರಿನ ಮೇಲೆ, ಟಿಪ್ಪುವಿನ ವಿರುದ್ಧ ಯುದ್ಧಕ್ಕೆ ಬಂದ ಬ್ರಿಟಿಷ್ ಸೇನಾಧಿಪತಿ ಕಾರ್ನ್‌ವಾಲಿಸನ ಸೈನ್ಯ ಫಿರಂಗಿಗಳನ್ನು ಎಳೆದು ಹತ್ತಿಸಿತು. ಸುಮಾರು ಮೂರು ವಾರ ಮುತ್ತಿಗೆ ನಡೆದು, 19ನೇ ತಾರೀಖು ಕೋಟೆ ಬಿತ್ತು. ಆ ದಾಳಿಯ ಹೊಣೆ ಹೊತ್ತವನು ಜನರಲ್ ವಿಲಿಯಂ ಮೆಡೋಸ್. ಹಿಂದಿನ ವರ್ಷದ ದಂಡಯಾತ್ರೆ ಅವನ ಕೈಯಲ್ಲಿ ಫಲ ಕೊಡದೆ ಹೋದದ್ದರಿಂದ ಕಾರ್ನ್‌ವಾಲಿಸ್ ತಾನೇ ಬಂದು ಸೇನಾಧಿಪತ್ಯ ವಹಿಸಿಕೊಂಡಿದ್ದ. ನಂದಿಯ ಗೆಲುವು ಮೆಡೋಸನಿಗೆ ಹೋದ ಮಾನವನ್ನು ತಂದುಕೊಟ್ಟಿತು. ಆದರೆ 1792ರ ಫೆಬ್ರವರಿ 6ರ ರಾತ್ರಿ ಶ್ರೀರಂಗಪಟ್ಟಣದೆದುರು ಅವನ ದಂಡು ದಾರಿ ತಪ್ಪಿತು, ಕಾರ್ನ್‌ವಾಲಿಸನನ್ನು ಸಮಯಕ್ಕೆ ಕೂಡಿಕೊಳ್ಳಲಾಗಲಿಲ್ಲ. ಅದೇ ತಿಂಗಳು ಮೆಡೋಸ್ ತನ್ನ ಮೇಲೆಯೇ ಪಿಸ್ತೂಲು ಹಾರಿಸಿಕೊಂಡ. ಗಾಯಗೊಂಡರೂ ಬದುಕುಳಿದ.

ಒಬ್ಬ ಸೇನಾಪತಿಯ ಅಭಿಮಾನ, ಬಡ್ತಿಯ ಆಸೆ, ರಾತ್ರಿಯ ಕತ್ತಲಲ್ಲಿ ತೆಗೆದುಕೊಂಡ ಒಂದು ತೀರ್ಮಾನ, ಅದಕ್ಕೆ ಬಲಿಯಾಗುವ ಸಾಮಾನ್ಯ ಸಿಪಾಯಿ: ಯುದ್ಧದ ಈ ಮುಖವನ್ನು ನಮ್ಮ ಸಿನಿಮಾ ಎಷ್ಟು ನೋಡಿದೆ?

ಸಾಹಿತ್ಯ ಬಹಳ ಹಿಂದೆಯೇ ನೋಡಿತ್ತು. ಪಂಪ ಸ್ವತಃ ಕತ್ತಿ ಹಿಡಿದ ಕವಿ. 941ರ ಹೊತ್ತಿಗೆ ಅವನು ಬರೆದ ವಿಕ್ರಮಾರ್ಜುನ ವಿಜಯದಲ್ಲಿ ಭೀಷ್ಮನಿಗೆ ಸೇನಾಪತಿ ಪಟ್ಟ ಕಟ್ಟುವ ಸಂದರ್ಭದಲ್ಲಿ ಕರ್ಣ ಸಿಡಿದೇಳುತ್ತಾನೆ. ಭೀಷ್ಮ ಬೀಳುವ ತನಕ ಆಯುಧ ಹಿಡಿಯುವುದಿಲ್ಲವೆಂದು ಹೊರಟುಬಿಡುತ್ತಾನೆ. ಪಟ್ಟದ ಜಗಳದಿಂದ ಒಂದು ಸೈನ್ಯ ತನ್ನ ಅತ್ಯುತ್ತಮ ಬಿಲ್ಲಾಳನ್ನು ಹತ್ತು ದಿನ ಕಳೆದುಕೊಳ್ಳುತ್ತದೆ. ಇಂಥ ಪರಂಪರೆಯಿದ್ದೂ ಕನ್ನಡದ ಐತಿಹಾಸಿಕ ಚಿತ್ರಗಳು ಬೇರೆ ಹಾದಿ ಹಿಡಿದವು. ‘ರಣಧೀರ ಕಂಠೀರವ’ (1960) ಚಿತ್ರದಲ್ಲಿ ಅಧಿಕಾರದಾಹವೆಲ್ಲ ದಳವಾಯಿ ವಿಕ್ರಮರಾಯನ ಪಾಲು, ನಾಯಕನಿಗೆ ಧರ್ಮ ಮಾತ್ರ. ‘ಕಿತ್ತೂರು ಚೆನ್ನಮ್ಮ’ (1961) ಚಿತ್ರದಲ್ಲೂ ಆಸೆಬುರುಕನೆಂದರೆ ದ್ರೋಹಿಯೇ. ಮಹತ್ವಾಕಾಂಕ್ಷೆ ಖಳನಾಯಕನ ಲಕ್ಷಣ ಎಂಬ ಸೂತ್ರ ಆಗಲೇ ಗಟ್ಟಿಯಾಯಿತು.

‘ಮಯೂರ’ (1975) ಈ ಸೂತ್ರದ ಇನ್ನೊಂದು ರೂಪ. ತಾಳಗುಂದದ ಶಾಸನ ಹೇಳುವ ಮಯೂರಶರ್ಮ ಕಂಚಿಗೆ ಓದಲು ಹೋದ ಬ್ರಾಹ್ಮಣ. ಪಲ್ಲವರ ಕುದುರೆಯಾಳಿನೊಂದಿಗೆ ಜಗಳವಾಗಿ ಕತ್ತಿ ಹಿಡಿದ; ಕಾಡು ಸೇರಿ ಪಲ್ಲವರನ್ನು ಪೀಡಿಸಿದ; ಆಮೇಲೆ ಅವರ ಸೇವೆಗೇ ಸೇರಿ, ಶೌರ್ಯದಿಂದ ಮೆಚ್ಚಿಸಿ ನಾಡನ್ನು ಪಡೆದ. ಎಷ್ಟು ಚುರುಕಾದ ಲೆಕ್ಕಾಚಾರ! ದೇವುಡು ಅವರ ಕಾದಂಬರಿಯನ್ನು ಆಧರಿಸಿದ ಚಿತ್ರದ ನಾಯಕನಾದರೋ ಹುಟ್ಟಿನಿಂದಲೇ ಕದಂಬರ ಕುಡಿ. ಅವನು ಕಳೆದುಕೊಂಡದ್ದನ್ನು ಮರಳಿ ಪಡೆಯುತ್ತಾನೆ, ಹೊಸದನ್ನು ಬಯಸುವುದಿಲ್ಲ. ರಾಜ್‌ಕುಮಾರ್ ಅವರ ಅಭಿನಯ ನನಗೆ ಇಂದಿಗೂ ಪ್ರಿಯ, ಆದರೆ ಶಾಸನದ ಮಯೂರನೇ ಹೆಚ್ಚು ನಿಜವಾದ ಸೈನಿಕ.

ಮೂರು ವರ್ಷದ ಬಳಿಕ ಗಿರೀಶ ಕಾರ್ನಾಡರು ಆ ಸೈನಿಕನನ್ನು ತಂದರು. ‘ಒಂದಾನೊಂದು ಕಾಲದಲ್ಲಿ’ (1978) ಕುರೋಸಾವಾನ ಸಮುರಾಯ್ ಚಿತ್ರಗಳ ಋಣವುಳ್ಳ ಕೃತಿ, ಆದರೆ ಅದರ ಮಣ್ಣು ಹೊಯ್ಸಳರ ಕಾಲದ್ದು. ಕಚ್ಚಾಡುವ ಇಬ್ಬರು ಅಣ್ಣತಮ್ಮಂದಿರು ಪಾಳೆಯಗಾರರು. ಒಬ್ಬನ ಬಳಿ ಶಂಕರ್ ನಾಗ್ ಅಭಿನಯಿಸಿದ ಗಂಡುಗಲಿ, ಇನ್ನೊಬ್ಬನ ಬಳಿ ಸುಂದರ್ ಕೃಷ್ಣ ಅರಸ್ ಅವರ ಪೆರ್ಮಾಡಿ. ಇಬ್ಬರೂ ಕೂಲಿಗೆ ಕಾದುವವರು. ಒಡೆಯನ ಸಣ್ಣತನಕ್ಕೆ ಆಳಿನ ಪ್ರಾಣ ಎಷ್ಟು ಅಗ್ಗ ಎಂಬುದು ಅವರಿಗೆ ಅರ್ಥವಾದಾಗ ಎದುರಾಳಿಗಳಿಬ್ಬರೂ ಕೈಜೋಡಿಸುತ್ತಾರೆ. ಉಪ್ಪಿನ ಋಣದ ಮಾತನ್ನು ಕೇಳುತ್ತಲೇ ಬೆಳೆದ ನಮ್ಮ ಪ್ರೇಕ್ಷಕರ ಮುಂದೆ ಆ ಋಣಕ್ಕೂ ಮಿತಿಯಿದೆ ಎಂದು ನೇರವಾಗಿ ಹೇಳಿದ ಚಿತ್ರವಿದು. ಯುದ್ಧವನ್ನು ಉದ್ಯೋಗವಾಗಿ ನೋಡಿದ ಕನ್ನಡ ಚಿತ್ರಗಳಲ್ಲಿ ಇದಕ್ಕೆ ಸರಿಸಾಟಿ ನನಗೆ ಕಂಡಿಲ್ಲ. ಶಂಕರ್ ನಾಗ್ ಅವರಿಗೆ ಅಂತರರಾಷ್ಟ್ರೀಯ ಚಿತ್ರೋತ್ಸವದ ಶ್ರೇಷ್ಠ ನಟ ಪ್ರಶಸ್ತಿಯೂ ಇದರಿಂದ ಬಂತು.

ಹೊರದೇಶದ ಸಿನಿಮಾದಲ್ಲಿ ಆಜ್ಞೆ ಕೊಟ್ಟವರ ಪ್ರಶ್ನೆ ಇನ್ನೂ ಮೊದಲೇ ಕೇಳಿಬಂದಿತ್ತು. ಸ್ಟಾನ್ಲಿ ಕ್ಯೂಬ್ರಿಕ್‌ನ ‘ಪಾತ್ಸ್ ಆಫ್ ಗ್ಲೋರಿ’ (1957) ಚಿತ್ರದಲ್ಲಿ ಬಡ್ತಿಯ ಆಮಿಷ ತೋರಿಸಿದೊಡನೆ ಒಬ್ಬ ಫ್ರೆಂಚ್ ಜನರಲ್ ಅಸಾಧ್ಯವಾದ ದಾಳಿಗೆ ಒಪ್ಪುತ್ತಾನೆ. ದಾಳಿ ಸೋತಾಗ ಹೇಡಿತನದ ಆರೋಪ ಹೊರಿಸಿ ಮೂವರು ಸಿಪಾಯಿಗಳನ್ನು ಗುಂಡಿಕ್ಕಿ ಕೊಲ್ಲಿಸಲಾಗುತ್ತದೆ. ಫ್ರಾನ್ಸಿನಲ್ಲಿ ಅದು ತೆರೆ ಕಂಡದ್ದು 1975ರಲ್ಲಿ. ‘ದಿ ಥಿನ್ ರೆಡ್ ಲೈನ್’ (1998) ಚಿತ್ರದಲ್ಲಿ ಬಡ್ತಿಗೆ ಕಾದು ಕಾದು ಬೆಂದ ಕರ್ನಲ್ ನೇರ ದಾಳಿಗೆ ಆಜ್ಞಾಪಿಸುತ್ತಾನೆ. ಅವನ ಕೆಳಗಿನ ಕ್ಯಾಪ್ಟನ್ ತನ್ನ ಹುಡುಗರನ್ನು ಸಾಯಲು ಕಳಿಸಲಾರೆ ಎನ್ನುತ್ತಾನೆ.

ನಮ್ಮಲ್ಲಿ ಆಧುನಿಕ ಸೇನೆಯ ದೊಡ್ಡ ಚಿತ್ರ ‘ಮುತ್ತಿನ ಹಾರ’ (1990). ರಾಜೇಂದ್ರ ಸಿಂಗ್ ಬಾಬು ನಿರ್ದೇಶನ, ಹಂಸಲೇಖ ಸಂಗೀತ, ಕೊಡಗಿನ ಯೋಧನಾಗಿ ವಿಷ್ಣುವರ್ಧನ್, ಸೇನೆಯ ದಾದಿಯಾಗಿ ಸುಹಾಸಿನಿ. ರಾಷ್ಟ್ರಪ್ರಶಸ್ತಿ ಪಡೆದ ಈ ಚಿತ್ರ ಯುದ್ಧ ಒಂದು ಮನೆಯನ್ನು ಹೇಗೆ ಬರಿದು ಮಾಡುತ್ತದೆ ಎಂಬುದನ್ನು ಕಣ್ಣೀರು ತರಿಸುವಂತೆ ತೋರಿಸಿತು. ಆಜ್ಞೆ ಕೊಟ್ಟವರನ್ನು ಮಾತ್ರ ಅದು ವಿಚಾರಿಸಲಿಲ್ಲ. 2025ರ ಹಿಂದಿ ಚಿತ್ರ ‘ಸ್ಕೈ ಫೋರ್ಸ್’ಗೆ ಪ್ರೇರಣೆಯೂ ಕೊಡಗಿನವರೇ. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ದಾಳಿಯಲ್ಲಿ ತಮ್ಮ ಮಿಸ್ಟೇರ್ ವಿಮಾನದಿಂದ ಸ್ಟಾರ್‌ಫೈಟರ್ ಒಂದನ್ನು ಕೆಡವಿ ಮಡಿದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ ಅವರಿಗೆ ಮಹಾವೀರ ಚಕ್ರ ಸಂದದ್ದು 1988ರಲ್ಲಿ, 23 ವರ್ಷ ತಡವಾಗಿ. ಚಿತ್ರದಲ್ಲಿ ಅವರ ಹೆಸರೂ ಉಳಿಯಲಿಲ್ಲ, ಪಾತ್ರಕ್ಕೆ ವಿಜಯ ಎಂದು ಹೆಸರಿಟ್ಟರು.

ಇನ್ನೂ ಬಳಸದೆ ಉಳಿದ ವಸ್ತುವೆಂದರೆ ಕೊಡಗಿನವರೇ ಆದ, ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಕೆ. ಎಸ್. ತಿಮ್ಮಯ್ಯ. ರಕ್ಷಣಾ ಸಚಿವ ಕೃಷ್ಣ ಮೆನನ್ ಬಡ್ತಿಗಳಲ್ಲಿ ಕೈಯಾಡಿಸುತ್ತಿದ್ದಾರೆಂದು 1959ರ ಆಗಸ್ಟ್ 31ರಂದು ಅವರು ರಾಜೀನಾಮೆ ಕೊಟ್ಟರು, ನೆಹರೂ ಮಾತಿಗೆ ಕಟ್ಟುಬಿದ್ದು ಹಿಂತೆಗೆದುಕೊಂಡರು. ಮೆನನ್ ಮೆಚ್ಚಿದ ಬಿ. ಎಂ. ಕೌಲ್ ಅವರೇ 1962ರ ಅಕ್ಟೋಬರಿನಲ್ಲಿ ಈಶಾನ್ಯದ ದಂಡಿನ ನಾಯಕರಾದರು. ನಾಮ್ಕಾ ಛೂ ಕಣಿವೆಯಲ್ಲಿ ಚೀನಾ ಸೇನೆಯೆದುರು ನಮ್ಮ ದಂಡು ಹೇಗೆ ಸೋತಿತೆಂದು ದೇಶಕ್ಕೇ ಗೊತ್ತು. ಮಡಿಕೇರಿಯ ತಿಮ್ಮಯ್ಯನವರ ಮನೆ ‘ಸನ್ನಿಸೈಡ್’ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಕನ್ನಡದ ನಿರ್ದೇಶಕರು ಒಮ್ಮೆ ಅಲ್ಲಿಗೆ ಹೋಗಿ ಬರಲಿ. ಆ ರಾಜೀನಾಮೆಯ ಮೇಲೆ ಚಿತ್ರ ಮಾಡಲಿ.