ಸತ್ತವನ ಮುಷ್ಟಿ ಬಿಗಿದಾಗ

ಇವತ್ತಿನ ಕಥೆ ಸ್ವಲ್ಪ ಭಯ ಹುಟ್ಟಿಸುತ್ತೆ, ಆದರೆ ನಡೆದ ಘಟನೆ.

1803ರ ಜನವರಿ, ಲಂಡನ್. ಹೆಂಡತಿ ಮತ್ತು ಮಗುವನ್ನು ಕಾಲುವೆಯಲ್ಲಿ ಮುಳುಗಿಸಿ ಕೊಂದ ಅಪರಾಧಕ್ಕೆ ಜಾರ್ಜ್ ಫಾರ್ಸ್ಟರ್ ಎಂಬಾತನನ್ನು ನ್ಯೂಗೇಟ್ ಜೈಲಿನಲ್ಲಿ ಗಲ್ಲಿಗೇರಿಸಿದರು. ಹೆಣ ಇಳಿಸಿದವರು ಅದನ್ನು ಸ್ಮಶಾನಕ್ಕೆ ಒಯ್ಯಲಿಲ್ಲ. ಹತ್ತಿರದ ಒಂದು ಮನೆಗೆ ತಂದರು. ಅಲ್ಲಿ ಇಟಲಿಯ ವಿಜ್ಞಾನಿ ಜಿಯೊವಾನಿ ಆಲ್ಡಿನಿ ಬ್ಯಾಟರಿ ಇಟ್ಟುಕೊಂಡು ಕಾಯ್ತಿದ್ದ.

ತಂತಿ ಮುಟ್ಟಿಸಿದ ಕೂಡಲೇ ಹೆಣದ ದವಡೆ ನಡುಗಿತು. ಮುಖ ಸೊಟ್ಟಗಾಯಿತು. ಎಡಗಣ್ಣು ತೆರೆದುಕೊಂಡಿತು! ಆಮೇಲೆ ಬಲಗೈ ಮೇಲೆದ್ದು ಮುಷ್ಟಿ ಬಿಗಿಯಿತು, ಕಾಲುಗಳೂ ಅಲುಗಾಡಿದವು. ನೋಡ್ತಿದ್ದ ಕೆಲವರಿಗೆ ಅವನು ಇನ್ನೇನು ಎದ್ದು ಕೂರ್ತಾನೆ ಅನ್ನಿಸಿತಂತೆ.

ಇದರ ಮೂಲ ಇರೋದು ಕಪ್ಪೆಯ ಕಾಲಿನಲ್ಲಿ. ಆಲ್ಡಿನಿಯ ಸೋದರಮಾವ ಲುಯಿಜಿ ಗಾಲ್ವಾನಿ ಬೊಲೊನ್ಯಾ ನಗರದಲ್ಲಿದ್ದವನು. ಸತ್ತ ಕಪ್ಪೆಯ ನರಕ್ಕೆ ಲೋಹ ತಾಗಿದರೆ ಕಾಲು ಜಾಡಿಸೋದನ್ನ ಗಮನಿಸಿ, 1791ರಲ್ಲಿ ಅದನ್ನು ಪ್ರಕಟಿಸಿದ. ಪ್ರಾಣಿಯ ದೇಹದಲ್ಲೇ ವಿದ್ಯುತ್ ಇದೆ ಅನ್ನೋದು ಅವನ ವಾದ. ಅಲೆಸಾಂಡ್ರೊ ವೋಲ್ಟಾ ಒಪ್ಪಲಿಲ್ಲ. ವಿದ್ಯುತ್ ಬರೋದು ಎರಡು ಬೇರೆ ಬೇರೆ ಲೋಹಗಳಿಂದ ಅಂದ. ಅದನ್ನು ತೋರಿಸೋಕೆ ಹೊರಟು 1800ರಲ್ಲಿ ಬ್ಯಾಟರಿಯನ್ನೇ ಕಂಡುಹಿಡಿದ. ತಮಾಷೆ ನೋಡಿ, ಮಾವನ ವಾದ ಮುರಿಯೋಕೆ ಹುಟ್ಟಿದ ಬ್ಯಾಟರಿಯನ್ನೇ ಅಳಿಯ ಮಾವನ ಪರವಾಗಿ ಬಳಸಿದ!

ಹಾಗಾದ್ರೆ ಹೆಣ ಅಲುಗಾಡಿದ್ದು ಯಾಕೆ? ಹೃದಯ ನಿಂತರೂ ದೇಹದ ಎಲ್ಲಾ ಜೀವಕೋಶಗಳು ಒಟ್ಟಿಗೆ ಸಾಯೋದಿಲ್ಲ. ಸ್ನಾಯುಗಳಲ್ಲಿ ಕೆಲವು ಗಂಟೆಗಳವರೆಗೆ ಒಂದಿಷ್ಟು ಶಕ್ತಿ ಉಳಿದಿರುತ್ತೆ. ಬದುಕಿದ್ದಾಗ ನರಗಳ ಮೂಲಕ ಬರುವ ಸೂಚನೆಯ ಕೆಲಸವನ್ನು ಆಗ ಹೊರಗಿನ ವಿದ್ಯುತ್ ಮಾಡುತ್ತೆ, ಸ್ನಾಯು ಸೆಟೆಯುತ್ತೆ. ಅದಕ್ಕೆ ಮೆದುಳು ಬೇಕಿಲ್ಲ, ಪ್ರಜ್ಞೆಯೂ ಬೇಕಿಲ್ಲ. ಉಳಿದ ಶಕ್ತಿ ಖಾಲಿಯಾದ ಮೇಲೆ ದೇಹ ಮರಗಟ್ಟುತ್ತೆ, ಶಾಕ್ ಕೊಟ್ಟರೂ ಅಲುಗಾಡಲ್ಲ. ಅಂದರೆ ಆ ದಿನ ಫಾರ್ಸ್ಟರ್‌ಗೆ ಜೀವ ಬರಲಿಲ್ಲ, ಅವನ ಸ್ನಾಯುಗಳು ಮಾತ್ರ ಇನ್ನೂ ಪೂರ್ತಿ ಸತ್ತಿರಲಿಲ್ಲ.

ಆಲ್ಡಿನಿಯದ್ದು ಬರೀ ಪ್ರದರ್ಶನ ಅಂತಲೂ ಹೇಳೋಕಾಗಲ್ಲ. ನೀರಲ್ಲಿ ಮುಳುಗಿದವರನ್ನು, ಉಸಿರು ಕಟ್ಟಿದವರನ್ನು ವಿದ್ಯುತ್ತಿನಿಂದ ಬದುಕಿಸಬಹುದು ಅನ್ನೋ ಆಸೆ ಅವನಿಗಿತ್ತು. ಇವತ್ತು ಲಯ ತಪ್ಪಿದ ಹೃದಯಕ್ಕೆ ವೈದ್ಯರು ಶಾಕ್ ಕೊಟ್ಟು ಜೀವ ಉಳಿಸ್ತಾರೆ. ಆ ಆಸೆ ಪೂರ್ತಿ ಸುಳ್ಳಾಗಲಿಲ್ಲ.

ಆದರೆ ಆ ಹೆಣ ಅವನ ಕೈಗೆ ಸಿಕ್ಕಿದ್ದು ಹೇಗೆ? ಬ್ರಿಟನ್ನಿನ 1751ರ ಕಾನೂನಿನ ಪ್ರಕಾರ, ಕೊಲೆಗಾರನ ದೇಹವನ್ನು ಹಾಗೇ ಹೂಳುವಂತಿರಲಿಲ್ಲ, ಒಂದೋ ಕೊಯ್ಯಲು ಕೊಡಬೇಕು, ಇಲ್ಲವೇ ಸರಪಳಿ ಬಿಗಿದು ಎಲ್ಲರಿಗೂ ಕಾಣುವಂತೆ ನೇತುಹಾಕಬೇಕು. ಸತ್ತ ಮೇಲೂ ಮುಗಿಯದ ಶಿಕ್ಷೆ ಅದು. ಹೀಗೆ ಕೊಯ್ಯಲು ಕೊಡೋದು ನಿಂತಿದ್ದು 1832ರಲ್ಲಿ.

ಇವತ್ತು ದೇಹದಾನ ಮಾಡೋರು ಬದುಕಿರುವಾಗಲೇ ಮನಸಾರೆ ಒಪ್ಪಿ ಸಹಿ ಹಾಕ್ತಾರೆ. ಫಾರ್ಸ್ಟರ್ ಕೊಲೆಗಾರನೇ ಇರಬಹುದು. ಆದರೂ ಅವನನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.