ಹರಟೆ ಬ್ರೌಸರಿಗೆ ಬಂದ ಬಗೆ

ರಾಮನಗರದ ಸೈಬರ್ ಕೇಂದ್ರದಲ್ಲಿ ಕುಳಿತು ಮಾಗಡಿಯ ಗೆಳೆಯನೊಡನೆ ಹರಟಬೇಕೆಂದುಕೊಳ್ಳಿ. 1996ರಲ್ಲಿ ಬಂದ ಐಸಿಕ್ಯೂಗೆ ಪ್ರತ್ಯೇಕ ತಂತ್ರಾಂಶ ಬೇಕಿತ್ತು. ಬೇರೆಯವರ ಗಣಕದಲ್ಲಿ ಅದನ್ನು ಹಾಕಿಕೊಳ್ಳುವುದೆಂತು? ಬ್ರೌಸರಿನಲ್ಲೇ ಹರಟೋಣವೆಂದರೆ ತೊಡಕೊಂದಿತ್ತು: ಬ್ರೌಸರ್ ಕೇಳದೆ ಸರ್ವರ್ ತಾನಾಗಿ ಏನನ್ನೂ ಕಳಿಸದು. ಗೆಳೆಯನ ಸಂದೇಶ ಬಂದದ್ದು ತಿಳಿಯುವುದು ಹೇಗೆ? ‘ಬಂತೇ, ಬಂತೇ’ ಎಂದು ಪದೇ ಪದೇ ಕೇಳಿದರೆ ಸರ್ವರ್‌ಗೆ ವೃಥಾ ಹೊರೆ. ಕೇಳಿದ ಪ್ರಶ್ನೆಯನ್ನು ಸರ್ವರ್ ಹಿಡಿದಿಟ್ಟುಕೊಂಡು, ಸಂದೇಶ ಬಂದೊಡನೆ ಉತ್ತರಿಸುವುದು ಜಾಣ ಉಪಾಯವಾಯಿತು. 2005ರಲ್ಲಿ ಆರಂಭವಾದ ಮೀಬೊ ಹಲವು ಹರಟೆ ಸೇವೆಗಳನ್ನು ಒಂದೇ ಜಾಲಪುಟಕ್ಕೆ ತಂದಿತು. 2011ರಲ್ಲಿ ಮಾನಕವಾದ ವೆಬ್‌ಸಾಕೆಟ್, ಒಮ್ಮೆ ತೆರೆದ ಸಂಪರ್ಕದಲ್ಲೇ ಎರಡೂ ಕಡೆಯ ಮಾತಿಗೆ ದಾರಿಮಾಡಿತು. 2015ರಲ್ಲಿ ಬಂದ ವಾಟ್ಸ್‌ಆಪ್ ವೆಬ್ ಗುಪ್ತಪದ ಕೇಳಲಿಲ್ಲ. ಮೊಬೈಲಿನಿಂದ ಕ್ಯೂಆರ್ ಸಂಕೇತ ಓದಿಸಿದರೆ ಸಾಕಾಯಿತು. ಆದರೆ ಮರೆಯದಿರಿ: ಲಾಗ್‌ಔಟ್ ಮಾಡದೆ ಎದ್ದರೆ, ನಿಮ್ಮ ಹರಟೆ ನಂತರ ಬಂದು ಕೂರುವವರ ಪಾಲು!